ಬಾಗದೆ ಮುರಿದದ್ದು

ಜೂನ್ 3, ಸೋಮವಾರ

ಮತ್ತೆ ಗೀರು. ಬೆಳಿಗ್ಗೆಯಿಂದ ಒಂದೇ ಲೋಹದ ಸ್ಯಾಂಪಲ್ ಉಜ್ಜುತ್ತಿದ್ದೇನೆ. ಒರಟು ಎಮರಿ ಪೇಪರ್, ಆಮೇಲೆ ನಯದ್ದು, ಆಮೇಲೆ ಇನ್ನೂ ನಯದ್ದು, ಕೊನೆಗೆ ಡೈಮಂಡ್ ಪೇಸ್ಟ್. ಕನ್ನಡಿಯ ಹಾಗಾಯಿತು ಅಂದುಕೊಂಡು ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಉದ್ದಕ್ಕೆ ಒಂದು ಗೀರು, ನನ್ನನ್ನು ಅಣಕಿಸಲಿಕ್ಕೆಂದೇ ಕೂತ ಹಾಗೆ. ಮೇಷ್ಟ್ರು ಇಣುಕಿ ನೋಡಿ "ಮೊದಲಿಂದ" ಅಂದು ಹೋದರು. ಬೈದಿದ್ದರೂ ವಾಸಿಯಿತ್ತು.

ಲ್ಯಾಬ್ ಹೆಡ್ ಆದರೂ ಫ್ಯಾಕ್ಟರಿಯಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಅಂತಲೇ ಕರೆಯುವುದು ಯಾಕೆ ಅಂತ ದಿನಕ್ಕೊಮ್ಮೆ ಅರ್ಥವಾಗುತ್ತದೆ.

ಜುಲೈನಲ್ಲಿ ಪ್ರೊಬೇಷನ್ ಮುಗಿಯುತ್ತದೆ. ಅದಕ್ಕೆ ಮೊದಲು ಮುರಿದ ಯಾವುದಾದರೂ ಒಂದು ವಸ್ತು ತೆಗೆದುಕೊಂಡು, ಯಾಕೆ ಮುರಿಯಿತು ಅಂತ ಒಬ್ಬಳೇ ಕಂಡುಹಿಡಿದು, ಹಿರಿಯರ ಮುಂದೆ ನಿಂತು ಹೇಳಬೇಕು. ಒಪ್ಪಿದರೆ ನಾನು ಮೆಟಲರ್ಜಿಸ್ಟ್, ಲೋಹಗಳ ಇಂಜಿನಿಯರ್. ಇಲ್ಲವಾದರೆ ಮನೆ ದಾರಿ. ಇನ್ನೂ ಕೇಸ್ ಆರಿಸಿಲ್ಲ. ಮುರಿದ ಬೋಲ್ಟ್‌ಗಳು ಡಬ್ಬಿಗಟ್ಟಲೆ ಇವೆ, ಒಂದೂ ಮನಸ್ಸಿಗೆ ಹಿಡಿಸುತ್ತಿಲ್ಲ.

ಜೂನ್ 4, ಸಂಜೆ

ಅಣ್ಣನ ಫೋನ್. ಅಮ್ಮ ಇವತ್ತೂ ಕಾಲೂರಲಿಲ್ಲವಂತೆ. ಫಿಸಿಯೋಥೆರಪಿ ಹುಡುಗಿ ಗೋಗರೆದು ಸಾಕಾಗಿ ಟೀ ಕುಡಿದು ಹೋದಳಂತೆ.

ಡಾಕ್ಟರ್ ಎಕ್ಸ್‌ರೇ ತೋರಿಸಿಯೇ ಹೇಳಿದ್ದಾರೆ — ತೊಡೆಯ ಮೂಳೆ ಕೂಡಿದೆ, ಒಳಗಿನ ರಾಡು ಗಟ್ಟಿಯಾಗಿದೆ, ನಡೆಯಲಿ. ಈಗ ನಡೆಯದಿದ್ದರೆ ಮಾಂಸಖಂಡವೆಲ್ಲ ಸೊರಗಿ ಮುಂದೆ ನಡೆಯಬೇಕೆಂದರೂ ಆಗುವುದಿಲ್ಲ. ಅಮ್ಮನದು ಒಂದೇ ಮಾತು: "ಮತ್ತೆ ಮುರಿಯುತ್ತೆ." ಮೊದಲ ಸಲ, ಮೆಟ್ಟಿಲಲ್ಲಿ ಬಿದ್ದಾಗ ಹಾಕಿದ್ದ ಸ್ಟೀಲ್ ಪ್ಲೇಟು ಹಾಗೇ ಆಯಿತಲ್ಲ. ಬಚ್ಚಲಲ್ಲಿ ಜಾರಿದಳು, ಒಳಗೇ ಲಟಕ್ಕೆಂದು ಎರಡು ತುಂಡು. ಅದನ್ನು ತೆಗೆದು ಈ ರಾಡು ಹಾಕಿದರು. ಆ ತುಂಡುಗಳನ್ನು ಆಸ್ಪತ್ರೆಯವರು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೊಟ್ಟಿದ್ದರು, ಬೀರುವಿನಲ್ಲಿವೆ.

ಎಲ್ಲೆಲ್ಲೋ ಹುಡುಕುತ್ತಿದ್ದೆನಲ್ಲ, ಕೇಸ್ ಮನೆಯಲ್ಲೇ ಇದೆ.

ಅಮ್ಮನಿಗೆ ಫೋನ್ ಮಾಡಿದೆ. ಪ್ಲೇಟು ಯಾಕೆ ಮುರಿಯಿತು ಅಂತ ನೋಡಿ ಹೇಳುತ್ತೇನೆ, ಆಗ ನಿನಗೂ ಧೈರ್ಯ ಬರುತ್ತದೆ ಅಂದೆ.

"ಅದನ್ನ ನೋಡಿದ್ರೆ ಏನು ಗೊತ್ತಾಗುತ್ತೆ?"

"ಎಲ್ಲಾ ಗೊತ್ತಾಗುತ್ತಮ್ಮ. ಎಲ್ಲಿ ಶುರುವಾಯ್ತು, ಒಂದೇ ಏಟಿಗೆ ಹೋಯ್ತಾ, ನಿಧಾನಕ್ಕೆ ಹೋಯ್ತಾ... ಮುರಿದ ಮುಖದ ಮೇಲೆ ಬರೆದ ಹಾಗಿರುತ್ತೆ. ಅದಕ್ಕೇ ಕೈ ಹಾಕಬೇಡ. ಎರಡು ತುಂಡನ್ನ ಜೋಡಿಸಿ ನೋಡೋದಂತೂ ಬೇಡವೇ ಬೇಡ."

"ಎಲ್ಲಾನೂ ಗೊತ್ತಾಗುತ್ತಾ?"

"ಎಲ್ಲಾನೂ."

ಊಟ ಆಯ್ತಾ ಅಂತ ಕೇಳಿದಳು.

ಜೂನ್ 8, ಶನಿವಾರ — ಮನೆ

ಅಳಬೇಕೋ ನಗಬೇಕೋ ತಿಳಿಯದು. ಡಬ್ಬಿ ತೆಗೆದರೆ ಪ್ಲೇಟು ಫಳಫಳ ಹೊಳೆಯುತ್ತಿದೆ. ಪಾತ್ರೆ ಉಜ್ಜುವ ತಂತಿಯ ಉಂಡೆ ತರಿಸಿಕೊಂಡು, ಹಾಸಿಗೆಯ ಪಕ್ಕ ಬಕೆಟ್ ಇಟ್ಟುಕೊಂಡು, ಸೋಪು ಹಾಕಿ ಉಜ್ಜಿದ್ದಾಳೆ. ಎರಡೂ ತುಂಡು. ಮುರಿದ ಮುಖವನ್ನಂತೂ ಬಿಟ್ಟೂ ಬಿಡದೆ.

"ರಕ್ತ ಗಿಕ್ತ ಅಂಟಿತ್ತಲ್ಲೇ. ಆಫೀಸಿಗೆ ತಗೊಂಡು ಹೋಗೋ ವಸ್ತು, ನೋಡೋರು ಏನಂದ್ಕೋತಾರೆ."

ಬಾಯಿಗೆ ಬಂದ ಹಾಗೆ ಕೂಗಾಡಿದೆ. ಅಷ್ಟು ಸಲ ಹೇಳಿದ್ದೆನಲ್ಲ, ಕಿವಿ ಎಲ್ಲಿಟ್ಟಿದ್ದೆ ಅಂದೆ. ಅಮ್ಮ ತಲೆ ಎತ್ತಲಿಲ್ಲ. ಅಣ್ಣ ಬಾಗಿಲಲ್ಲಿ ನಿಂತು, "ಅಮ್ಮ ಕೇಳಿದ್ರು, ತಂದುಕೊಟ್ಟೆ ಕಣೇ ತುಕ್ಕು, ನನಗೇನು ಗೊತ್ತು" ಅಂದ. ಮೆಟಲರ್ಜಿ ಕೋರ್ಸ್ ಸೇರಿದ ದಿನದಿಂದ ಅವನಿಗೆ ನಾನು ತುಕ್ಕು. ದೊಡ್ಡಮ್ಮನೇ ವಾಸಿ, ಅವರು ಮೆಟಲರ್ಜಿ ಅಂದರೆ ಅಲರ್ಜಿಯ ಡಾಕ್ಟರ್ ಅಂದುಕೊಂಡು ತಮ್ಮ ನೆಗಡಿಗೆ ಮಾತ್ರೆ ಕೇಳಿದ್ದರು, ಅಷ್ಟೇ.

ಅಪ್ಪನದು ಬೇರೆ ರಾಗ. "ಕಳಪೆ ಸ್ಟೀಲ್ ಅಂತ ಬರೆದುಕೊಡು. ಆಸ್ಪತ್ರೆ ಮೇಲೆ ಕಂಪ್ಲೇಂಟ್ ಹಾಕೋಣ. ನಿನ್ನ ಓದಿನಿಂದ ಇಷ್ಟಾದ್ರೂ ಆಗಲಿ."

ನೋಡದೆ ಬರೆಯುವುದಿಲ್ಲ ಅಂದೆ. ಮುಖ ಊದಿಸಿಕೊಂಡು ಅಂಗಡಿಗೆ ಹೋದರು.

ಅಮ್ಮನ ಕಾಲು ನೋಡಿದೆ. ಒಂದು ತೊಡೆ ಇನ್ನೊಂದರ ಅರ್ಧವಾಗಿದೆ. ಬೈಯಬಾರದಿತ್ತು.

ಜೂನ್ 10, ಸೋಮವಾರ

ಮೇಷ್ಟ್ರು ಡಬ್ಬಿ ತೆರೆದು ಮೂಗಿನ ಹತ್ತಿರ ಹಿಡಿದರು. "ನಿಂಬೆ ವಾಸನೆ ಬರ್ತಿದೆಯಲ್ಲ."

ಪಾತ್ರೆ ಸೋಪು ಹಾಕಿ ಉಜ್ಜಿಬಿಟ್ಟಿದ್ದಾರೆ ಅಂತ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಪೆನ್ಸಿಲ್ ಕೊಟ್ಟರು. ಇದು ಅವರ ಪದ್ಧತಿ. ಮೈಕ್ರೋಸ್ಕೋಪಿಗೆ ಮೊದಲು ಬರಿಗಣ್ಣಲ್ಲಿ ನೋಡಿ ಚಿತ್ರ ಬರೆಯಬೇಕು. ಬರೆಯುವಾಗ "ಯಾಕೆ" ಅನ್ನುವ ಮಾತು ಬಾಯಲ್ಲಿ ಬರಕೂಡದು, "ಏನಿದೆ" ಅಷ್ಟೇ. ಯಾರ ಕಾಲಿನದು ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಬೇಕಾದಾಗಲೆಲ್ಲ "ಪೇಷಂಟ್" ಅಂದೆ.

ಬರೆದೆ. ಸ್ಕ್ರೂ ತೂರುವ ತೂತುಗಳ ಸಾಲು. ನಡುವಿನ ತೂತಿನಲ್ಲಿ ಮುರಿದಿದೆ. ಮುಖ ಚಪ್ಪಟೆ. ತಂತಿಯ ಗೀರುಗಳು, ಅವುಗಳ ಕೆಳಗೆ ಮಸುಕಾಗಿ ಬಾಗಿದ ಗೆರೆಗಳು ಇವೆಯೋ ಏನೋ, ಅಮ್ಮನ ಕೃಪೆಯಿಂದ ಆಣೆ ಮಾಡಿ ಹೇಳಲಾರೆ. ಪ್ಲೇಟು ನೆಟ್ಟಗಿದೆ.

"ಕೊನೆಯದನ್ನ ಇನ್ನೊಂದ್ಸಲ ಓದು," ಅಂದರು ಮೇಷ್ಟ್ರು.

"ಪ್ಲೇಟು ನೆಟ್ಟಗಿದೆ."

"ಹೂಂ." ಎದ್ದು ಹೋದರು.

ಬಸ್ಸಿನಲ್ಲಿ ಕೂತಾಗ ಹೊಳೆಯಿತು. ಇದು ಮೆತ್ತನೆಯ ಜಾತಿಯ ಸ್ಟೀಲು. ಒಂದೇ ಏಟಿಗೆ ಮುರಿಯುವುದಾದರೆ ಮೊದಲು ಬಾಗಬೇಕು. ಬಚ್ಚಲಲ್ಲಿ ಜಾರಿ ಮುರಿದಿದ್ದರೆ ಬಾಗಿರಲೇಬೇಕು. ಬಾಗಿಲ್ಲ.

ಜೂನ್ 13

ರಾಸಾಯನಿಕ ಪರೀಕ್ಷೆ ಬಂತು. ಕ್ರೋಮಿಯಂ, ನಿಕಲ್, ಎಲ್ಲ ಇರಬೇಕಾದಷ್ಟಿದೆ. ಗಡಸುತನ ಸರಿ. ಕಲ್ಮಶ ಇಲ್ಲ. ಒಳ್ಳೆಯ ಸ್ಟೀಲು, ಒಳ್ಳೆಯ ಕೆಲಸ.

ಅಪ್ಪನಿಗೆ ಹೇಳಿದೆ. "ಅಲ್ಲಿಗೆ ಯಾರದೂ ತಪ್ಪಿಲ್ಲ, ತಾನೇ ಮುರಿದುಕೊಳ್ತು ಅನ್ನು," ಅಂದರು. ಫೋನ್ ಇಟ್ಟ ರೀತಿಯಲ್ಲೇ ಸಿಟ್ಟು ಗೊತ್ತಾಯಿತು.

ಅಮ್ಮ ಇವತ್ತೂ ಹಾಸಿಗೆ ಬಿಟ್ಟಿಲ್ಲ.

ಜೂನ್ 18

ಮುರಿದದ್ದು ಒಂದು ತೂತಿನಲ್ಲಿ ಸರಿ, ಅದರ ಪಕ್ಕದ್ದು ಏನು ಮಾಡುತ್ತಿತ್ತು? ಅದೂ ಭಾರ ಹೊತ್ತಿರಬೇಕಲ್ಲ. ಈ ಯೋಚನೆ ನನಗೇ ಬಂತು, ಯಾರೂ ಹೇಳಿಕೊಟ್ಟಿದ್ದಲ್ಲ. ಇಲ್ಲಿ ಬರೆದಿಡುತ್ತೇನೆ, ಜಂಬ ಅಂತಾದರೂ ಇರಲಿ.

ಪಕ್ಕದ ತೂತಿಗೆ, ಬಿರುಕಿದ್ದರೆ ಒಳಗಿಳಿಯುವ ಕೆಂಪು ಬಣ್ಣ ಹಚ್ಚಿದೆ. ಕಾದೆ. ಒರೆಸಿದೆ. ಇಳಿದ ಬಣ್ಣವನ್ನು ಹೀರಿ ತೋರಿಸುವ ಬಿಳಿ ಪೌಡರ್ ಸಿಂಪಡಿಸಿದೆ. ಎಲ್ಲೂ ಏನೂ ಇಲ್ಲ. ಟೀ ಕುಡಿದು ಬಂದು ನೋಡಿದರೆ ತೂತಿನ ಅಂಚಿನಿಂದ ಕೂದಲಿನಂಥ ಕೆಂಪು ಗೆರೆ ಒಸರಿತ್ತು. ಬಿರುಕು. ಅರ್ಧ ದಾರಿಯಲ್ಲಿ ನಿಂತ ಬಿರುಕು. ಅಮ್ಮನ ತಂತಿಯ ಉಂಡೆ ಅದರೊಳಗೆ ಹೋಗಿರಲು ಸಾಧ್ಯವೇ ಇಲ್ಲ.

ಅದನ್ನು ತೆರೆಯಬೇಕು. ಹಿಂದಿನಿಂದ ಗರಗಸ ಹಾಕಿ, ಬಿರುಕಿಗೆ ಸ್ವಲ್ಪ ಹಿಂದೆಯೇ ನಿಲ್ಲಿಸಿ, ಆಮೇಲೆ ಎಳೆದು ಬಿಡಿಸಬೇಕು. ಕೂದಲೆಳೆಯಷ್ಟು ಜಾಸ್ತಿ ಕೊಯ್ದರೆ ಇದ್ದ ಒಂದೇ ಸಾಕ್ಷಿ ಪುಡಿಯಾಗಿ, ಗರಗಸ ತಣ್ಣಗಿಡುವ ನೀರಿನ ಜೊತೆ ಮೋರಿಗೆ ಹೋಗುತ್ತದೆ. ಈ ವೃತ್ತಿಯ ಗ್ರಹಚಾರವೇ ಇದು. ನೋಡಬೇಕಾದರೆ ಹಾಳು ಮಾಡಬೇಕು, ಹಾಳು ಮಾಡಿದ ಮೇಲೆ ಮತ್ತೆ ನೋಡುವಂತಿಲ್ಲ.

"ನೀವು ಕೊಯ್ಯುತ್ತೀರಾ ಸರ್?" ಅಂತ ಕೇಳಿದೆ.

"ನಾನು ಯಾಕೆ ಕೊಯ್ಯಲಿ? ಪ್ರೊಬೇಷನ್ ನನ್ನದಾ?"

ಜೂನ್ 20, ಮಧ್ಯಾಹ್ನ

ಕೊಯ್ದೆ. ಬಿರುಕಿಗೆ ಸ್ವಲ್ಪ ಹಿಂದೆ ನಿಲ್ಲಿಸಿ ಎಳೆದೆ.

ಬಿರುಕು ಪುಸ್ತಕದ ಹಾಳೆಯ ಹಾಗೆ ತೆರೆದುಕೊಂಡಿತು. ತೊಳೆದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿಟ್ಟೆ. ಮೊದಲು ಮಬ್ಬು. ಫೋಕಸ್ ಮಾಡಿದೆ. ಗೆರೆಗಳು. ಒಂದರ ಪಕ್ಕ ಒಂದು, ಒಂದರ ಪಕ್ಕ ಒಂದು, ಪರದೆಯ ಆಚೆ ತನಕ. ಕಾಲೇಜಿನ ಪುಸ್ತಕದಲ್ಲಿ ಇದರ ಫೋಟೋ ನೋಡಿದ್ದೆ, ಪರೀಕ್ಷೆಯಲ್ಲಿ ಬರೆದು ಮಾರ್ಕ್ಸೂ ತೆಗೆದುಕೊಂಡಿದ್ದೆ. ಲೋಹ ದಣಿದ ಗುರುತು. ಪ್ರತಿ ಸಲ ಭಾರ ಬಿದ್ದಾಗ ಬಿರುಕು ಒಂದು ಗೆರೆಯಷ್ಟು ಮುಂದೆ ಹೋಗುತ್ತದೆ.

ಖುಷಿಯಲ್ಲಿ "ಸಿಕ್ತು" ಅಂದೆ, ಜೋರಾಗಿಯೇ. ಮೇಷ್ಟ್ರು ಬಂದು ನೋಡಿ ತಲೆಯಾಡಿಸಿದರು. "ಸರಿ. ಪೇಷಂಟ್ ನಡೆದಿದ್ದಾರೆ. ಒಂದು ದಿನ ಎರಡು ದಿನ ಅಲ್ಲ."

ಅವರು ಹೋದ ಮೇಲೆ ಆ ಮಾತು ತಲೆಯೊಳಗೆ ಇಳಿಯಿತು.

ಅಮ್ಮ ನಡೆದಿದ್ದಾಳೆ. ಕಾಲು ಊರಲೇಬಾರದು ಅಂತ ಡಾಕ್ಟರ್ ಹೇಳಿದ್ದ ತಿಂಗಳುಗಳಲ್ಲಿ, ವಾರಗಟ್ಟಲೆ ನಡೆದಿದ್ದಾಳೆ. ಯಾಕೆ? ಎಲ್ಲಿಗೆ?

ಜೂನ್ 20, ಸಂಜೆ

ಅಣ್ಣನಿಗೆ ಫೋನ್ ಮಾಡಿದೆ. ಅಮ್ಮನ ಮೊದಲ ಆಪರೇಷನ್ ಆದಾಗ ಬರುತ್ತಿದ್ದ ಅಡುಗೆಯವಳ ನಂಬರ್ ಇದೆಯಾ ಅಂತ ಕೇಳಿದೆ.

"ಯಾವ ಅಡುಗೆಯವಳು?"

"ಬೆಳಿಗ್ಗೆ ಬಂದು ಎರಡು ಹೊತ್ತಿಗೂ ಮಾಡಿಟ್ಟು ಹೋಗ್ತಿದ್ದಳಲ್ಲ. ಅಮ್ಮ ದಿನಾ ಹೇಳ್ತಿದ್ದಳು."

"ಹಾಗೆ ಯಾರೂ ಬರ್ತಿರಲಿಲ್ಲ ಕಣೇ. ಅಮ್ಮನೇ ಮಾಡ್ತಿದ್ರು. ಕೂತ್ಕೊಂಡು ಮಾಡ್ತೀನಿ, ಏನೂ ತೊಂದ್ರೆ ಇಲ್ಲ ಅಂತಿದ್ರು."

"ನಮ್ಮ ಒಲೆ ಕಟ್ಟೆ ಎಷ್ಟೆತ್ತರ ಇದೆ?"

ಅವನು ಟೀವಿ ಆರಿಸಿದ್ದು ಕೇಳಿಸಿತು.

"ಕೂತ್ಕೊಂಡು ಕೈ ಎಟುಕುತ್ತಾ ಅಣ್ಣ?"

"...ನಾನು ಯೋಚನೆ ಮಾಡಿಲ್ಲ ಕಣೇ."

ಸಿಟ್ಟು ಬಂತು, ಅವನ ಮೇಲೆ, ಅಪ್ಪನ ಮೇಲೆ. ಫೋನ್ ಇಟ್ಟ ಮೇಲೆ ನನ್ನ ಮೇಲೆ. ಆ ದಿನಗಳಲ್ಲಿ ಫೋನ್ ಮಾಡಿದಾಗಲೆಲ್ಲ ಹಿಂದೆ ಪಾತ್ರೆ ಸದ್ದು ಕೇಳುತ್ತಿತ್ತು. "ಅವಳೇ, ಅಡುಗೆಯವಳು" ಅನ್ನುತ್ತಿದ್ದಳು ಅಮ್ಮ. ನಾನು ಹಾಯಾಗಿ ಲ್ಯಾಬಿನ ಕಥೆ ಹೇಳುತ್ತಿದ್ದೆ. ಅವಳು ಒಂದು ಕೈಯಲ್ಲಿ ಫೋನ್ ಹಿಡಿದು, ಕೂಡದ ಮೂಳೆಯ ಮೇಲೆ ನಿಂತು, ಹೂಂಗುಟ್ಟುತ್ತಿದ್ದಳು.

ಇನ್ನೊಂದು ನೆನಪಾಯಿತು. ಮೊದಲ ಸಲ ಅಮ್ಮ ಮೆಟ್ಟಿಲಲ್ಲಿ ಬಿದ್ದಾಗ ನನಗೆ ಈ ಕೆಲಸದ ಆರ್ಡರ್ ಬಂದು ಇನ್ನೂ ವಾರವಾಗಿರಲಿಲ್ಲ. ಅಪ್ಪ ಅಂದಿದ್ದರು — ಈಗ ಕೆಲಸ ಬೇಡ, ಒಂದು ವರ್ಷ ಮನೆ ನೋಡಿಕೊಳ್ಳಲಿ. ಅಡುಗೆಯವಳು ಸಿಕ್ಕಿದ್ದಾಳೆ, ನೀನು ಹೋಗು ಅಂತ ಕಳಿಸಿದ್ದು ಅಮ್ಮ.

ಆ ತಂತಿಯ ಉಂಡೆ... ರಕ್ತ ಅಂಟಿತ್ತು ಅಂತಲ್ಲ ಅವಳು ಉಜ್ಜಿದ್ದು. ಎಲ್ಲಾ ಗೊತ್ತಾಗುತ್ತೆ ಅಂತ ನಾನು ಹೇಳಿದ್ದಕ್ಕೆ.

ಜೂನ್ 23, ಭಾನುವಾರ — ಮನೆ

ಅಪ್ಪ ಅಣ್ಣ ಹೊರಗೆ ಹೋದ ಮೇಲೆ ಅಮ್ಮನ ಪಕ್ಕ ಕೂತೆ. ಹೇಗೆ ಶುರು ಮಾಡಲಿ ಅಂತ ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಮರೆತುಹೋಯಿತು. ಫೋಟೋದ ಪ್ರಿಂಟ್ ಕೈಗಿಟ್ಟೆ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿದಳು.

"ಗೊತ್ತಾಗೋಯ್ತಾ?"

"ಗೊತ್ತಾಯ್ತು."

"ಅಷ್ಟು ಉಜ್ಜಿದ್ನಲ್ಲೇ."

ಇಬ್ಬರಿಗೂ ನಗು ಬಂತು. ಆಮೇಲೆ ನನಗೆ ಅಳು ಬಂತು. ಅವಳು ಅಳಲಿಲ್ಲ.

ಅಪ್ಪ ಹೇಳಿದ ಒಂದು ವರ್ಷದ ಮಾತು ಎತ್ತಿದೆ. ಅಮ್ಮ ಪ್ರಿಂಟನ್ನು ಮಡಿಚುತ್ತ ಹೇಳಿದಳು: "ಆ ಒಂದು ವರ್ಷ ಮುಗಿಯೋದಿಲ್ಲ ಕಣೇ. ನನಗೂ ಟೀಚರ್ ಕೆಲಸ ಸಿಕ್ಕಿತ್ತು. ನಿಮ್ಮಜ್ಜಿಗೆ ಹುಷಾರಿರಲಿಲ್ಲ, ಒಂದು ವರ್ಷ ಆಗಲಿ ಅಂದ್ರು. ಅದು ಇನ್ನೂ ಮುಗಿದಿಲ್ಲ."

ಇದು ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೆವು.

ರಾಜೀನಾಮೆ ಕೊಟ್ಟು ಬಂದುಬಿಡುತ್ತೇನೆ, ನೀನು ಮತ್ತೆ ಓಡಾಡುವ ತನಕ ನಾನೇ ನೋಡಿಕೊಳ್ಳುತ್ತೇನೆ ಅಂದೆ. ಮನಸ್ಸಿನಿಂದಲೇ ಹೇಳಿದೆ, ಬಾಯಿಮಾತಿಗಲ್ಲ. ಅಮ್ಮ ನನ್ನ ತಲೆಗೆ ಮೊಟಕಿದಳು.

"ನೀನು ಬಂದು ಮನೇಲಿ ಕೂತ್ರೆ ನನ್ನ ಕಾಲು ಮುರಿದಿದ್ದು ದಂಡ ಆಗೋಯ್ತಲ್ಲೇ."

"ಹಾಗಾದ್ರೆ ನಡಿ. ಯಾಕೆ ನಡೀತಿಲ್ಲ?"

"ಮುರಿದಿದ್ದು ನಾನೇ ಅಂತ ನನಗೆ ಗೊತ್ತಲ್ವಾ. ಜಾರಿ ಬಿದ್ದು ಮುರಿದಿದ್ರೆ ಹುಷಾರಾಗಿ ಇರ್ತಿದ್ದೆ. ಬಚ್ಚಲಲ್ಲಿ ನಾನು ಬಿದ್ದೇ ಇಲ್ಲ. ಟೀಗೆ ನೀರಿಟ್ಟು ನಿಂತಿದ್ದೆ ಅಷ್ಟೇ, ಒಳಗೆ ಲಟಕ್ ಅಂತು. ಸುಮ್ಮನೆ ನಿಂತವಳಿಗೆ ಹಾಗಾದ್ರೆ, ಇನ್ನು ಕಾಲೂರೋಕೆ ಧೈರ್ಯ ಎಲ್ಲಿಂದ ಬರಬೇಕು?"

ಆಗ ನಾನು ಓದಿದ್ದಕ್ಕೆ ಸಾರ್ಥಕವಾಗುವ ಹಾಗೆ ವಿವರಿಸಲು ನೋಡಿದೆ. ಪ್ಲೇಟು ಹಾಕುವುದು ಮೂಳೆ ಕೂಡುವ ತನಕ ಹಿಡಿದುಕೊಂಡಿರಲಿ ಅಂತ. ಅವೆರಡಕ್ಕೂ ಓಟದ ಪಂದ್ಯ ಇದ್ದ ಹಾಗೆ, ಮೂಳೆ ಮೊದಲು ಕೂಡಬೇಕು, ಇಲ್ಲವಾದರೆ ಲೋಹ ಮೊದಲು ದಣಿಯುತ್ತದೆ. ಆಗ ಮೂಳೆ ಕೂಡಿರಲಿಲ್ಲ, ಭಾರವೆಲ್ಲ ಆ ಒಂದು ಪಟ್ಟಿಯ ಮೇಲೆ. ಈಗ ಮೂಳೆ ಗೆದ್ದಿದೆ. ಹೊರುವುದು ಮೂಳೆ, ರಾಡು ಸುಮ್ಮನೆ ಜೊತೆಗಿದೆ.

"ನೀನು ನೋಡಿದ್ದೀಯಾ, ಮೂಳೆ ಕೂಡಿರೋದು?"

"ಎಕ್ಸ್‌ರೇ ನೋಡಿದ್ದೀನಿ."

"ಡಾಕ್ಟರ್ ಹೇಳಿದ್ದಲ್ಲ. ನೀನು. ನೀನು ನೋಡಿ ಹೇಳ್ತಿದ್ದೀಯಾ?"

"ನಾನೇ ನೋಡಿ ಹೇಳ್ತಿದ್ದೀನಮ್ಮ."

"ನೋಡೋಣ," ಅಂದಳು. ಕಾಲು ಮಾತ್ರ ಕೆಳಗಿಡಲಿಲ್ಲ.

ಅದೇ ದಿನ, ಊಟದ ನಂತರ

ಇದನ್ನು ಬಿಡದೆ ಬರೆಯಬೇಕು.

ಅಮ್ಮನ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಎಲ್ಲರೂ ಊಟ ಮಾಡುತ್ತಿದ್ದೆವು. ಅಪ್ಪ, "ರಿಪೋರ್ಟ್ ಏನಾಯ್ತು?" ಅಂದರು. ಅಮ್ಮ ನನ್ನ ಕಡೆ ನೋಡಿದಳು. ನಾನು ತಟ್ಟೆ ನೋಡಿಕೊಂಡು ಹೇಳಿದೆ: "ಸ್ಟೀಲು ಚೆನ್ನಾಗಿತ್ತು. ಡಾಕ್ಟರದೂ ತಪ್ಪಿಲ್ಲ. ಕೂಡೋಕೆ ಮುಂಚೆ ಭಾರ ಬಿತ್ತು."

"ಭಾರ ಹೇಗೆ ಬಿತ್ತು? ಕೂತೇ ಇದ್ದಳಲ್ಲ."

ಅಣ್ಣ ಊಟ ನಿಲ್ಲಿಸಿದ. ಅಮ್ಮನೇ ಹೇಳಿದಳು.

"ನಾನು ನಿಂತು ಅಡುಗೆ ಮಾಡಿದೆ. ದಿನಾ."

"ಯಾರು ಮಾಡು ಅಂದ್ರು ನಿನಗೆ?"

"ಯಾರೂ ಬೇಡ ಅನ್ನಲಿಲ್ಲ."

ಅಷ್ಟೇ. ಧ್ವನಿ ಏರಿಸಲಿಲ್ಲ, ದೂರಲಿಲ್ಲ. ಮಾರ್ಕೆಟ್ಟಿನಲ್ಲಿ ಇವತ್ತು ಏನು ಸಿಗಲಿಲ್ಲ ಅಂತ ಹೇಳುವ ಹಾಗೆ ಹೇಳಿದಳು. ಅಪ್ಪ ತುತ್ತು ಹಿಡಿದ ಕೈಯಲ್ಲೇ ಕೂತಿದ್ದರು. ಆಮೇಲೆ ಎದ್ದು ತಮ್ಮ ತಟ್ಟೆ ತೆಗೆದುಕೊಂಡು ಒಳಗೆ ಹೋದರು. ನಲ್ಲಿ ಬಿಟ್ಟ ಸದ್ದು. ತುಂಬ ಹೊತ್ತು ಅದು ನಿಲ್ಲಲಿಲ್ಲ. ಒಂದು ತಟ್ಟೆ ತೊಳೆಯಲಿಕ್ಕೆ ಅಷ್ಟು ಹೊತ್ತು ಬೇಕಾಗುವುದಿಲ್ಲ.

ಹೊರಡುವಾಗ ಅಮ್ಮನನ್ನು ಕೇಳಿದೆ, ಈ ಕೇಸನ್ನು ಎಲ್ಲರ ಮುಂದೆ ಹೇಳಲಾ, ಬೇಡವಾದರೆ ಬೋಲ್ಟ್ ಯಾವುದಾದರೂ ಹಿಡಿಯುತ್ತೇನೆ ಅಂತ.

"ಹೇಳು. ಹೆಸರೊಂದು ಹಾಕ್ಬೇಡ."

ಜೂನ್ 29

ರಿಪೋರ್ಟಿನ ಕರಡು ಮೇಷ್ಟ್ರಿಗೆ ಕೊಟ್ಟೆ. "ಬಹುಶಃ ಅವಧಿಗೆ ಮುಂಚಿನ ಭಾರದಿಂದ" ಅಂತ ಬರೆದಿದ್ದೆ. "ಬಹುಶಃ" ಹೊಡೆದುಹಾಕಿದರು.

"ಅಡ್ಡಗೋಡೆ ಮೇಲೆ ದೀಪ ಇಡಬೇಡ. ನೋಡಿದ್ದೀಯಲ್ಲ? ನೋಡಿದ್ದೀನಿ ಅಂತ ಬರಿ."

ಬಾಗಿಲ ತನಕ ಹೋದವಳನ್ನು ಮತ್ತೆ ಕರೆದರು. "ಪೇಷಂಟ್ ಈಗ ನಡೀತಾರಾ?"

"ಇಲ್ಲ ಸರ್. ಹೆದರಿಕೆ."

ಕನ್ನಡಕ ತೆಗೆದು ಒರೆಸಿದರು. ಪೇಷಂಟ್ ಯಾರು ಅಂತ ಅವರಿಗೆ ಗೊತ್ತಾಗಿದೆ ಅಂತ ನನಗೆ ಗೊತ್ತಾಯಿತು. ಏನೂ ಕೇಳಲಿಲ್ಲ, ಪುಣ್ಯಾತ್ಮರು.

ಪ್ಲೇಟು ಬಾಗಿದ್ದರೆ ಕಣ್ಣಿಗೆ ಬೀಳುತ್ತಿತ್ತು. ಎಕ್ಸ್‌ರೇಯಲ್ಲಿ ಡಾಕ್ಟರೂ ನೋಡುತ್ತಿದ್ದರು, ಮನೆಯಲ್ಲಿ ನಾವೂ ನೋಡುತ್ತಿದ್ದೆವು. ದಣಿದದ್ದು ಹಾಗಲ್ಲ, ಕೊನೆಯ ದಿನದ ತನಕ ನೆಟ್ಟಗೇ ಕಾಣುತ್ತದೆ. ಲೋಹಕ್ಕಾದರೆ ಇದನ್ನು ಪತ್ತೆ ಮಾಡಲು ನಮ್ಮಲ್ಲಿ ಒಂದು ಕೋಣೆ ತುಂಬ ಮೆಷಿನುಗಳಿವೆ.

ಜುಲೈ 7, ಭಾನುವಾರ

ಮನೆಗೆ ಹೋಗಲಿಲ್ಲ. ನಾಳೆಯ ಮಾತು ಗೋಡೆಗೆ ಹೇಳಿ ಹೇಳಿ ಗಂಟಲು ಕಟ್ಟಿದೆ.

ಅಣ್ಣನಿಗೆ ಫೋನ್ ಮಾಡಿದೆ. ಅಪ್ಪ ಅನ್ನ ಮಾಡಲು ಹೋಗಿ ಗಂಜಿ ಮಾಡಿದರಂತೆ. ಯಾರೂ ತುಟಿ ಪಿಟಕ್ ಅನ್ನದೆ ತಿಂದರಂತೆ. ಅಮ್ಮ? "ಮಂಚದ ತುದಿಗೆ ಬಂದು ಕಾಲು ಇಳಿಬಿಟ್ಟು ಕೂತ್ಕೋತಾರೆ. ನೆಲ ಮುಟ್ಟಿಸಲ್ಲ."

ಇನ್ನೇನು ಹೇಳಿದರೆ ನಂಬುತ್ತಾಳೋ. ನನ್ನ ಬಳಿ ಇದ್ದದ್ದೆಲ್ಲ ಹೇಳಿಯಾಯಿತು.

ಜುಲೈ 8, ಸೋಮವಾರ — ಕ್ಯಾಂಟೀನು

ಮುಗಿಯಿತು. ಈಗಲೇ ಬರೆಯುತ್ತೇನೆ, ಕೈ ತಣ್ಣಗಾಗುವ ಮೊದಲು.

ಚಿತ್ರ ತೋರಿಸಿದೆ. ಕೆಂಪು ಗೆರೆ ತೋರಿಸಿದೆ. ಕೊಯ್ದದ್ದು, ತೆರೆದದ್ದು, ಸಾಲುಸಾಲು ಗೆರೆ. ಪ್ಲೇಟು ಯಾಕೆ ಬಾಗಲಿಲ್ಲ ಅಂತ ಹೇಳಿದೆ. ಗಂಟಲು ಕೈ ಕೊಡಲಿಲ್ಲ. ಮೇಷ್ಟ್ರು ಕಿಟಕಿಯ ಕಡೆ ತಿರುಗಿ ಕೂತಿದ್ದರು, ಒಮ್ಮೆಯೂ ನನ್ನತ್ತ ನೋಡಲಿಲ್ಲ.

ಕೊನೆಗೆ ಪ್ಲಾಂಟ್ ಹೆಡ್ ಕೇಳಿದರು: "ಎಲ್ಲಾ ಸರಿಯಮ್ಮ. ಆದ್ರೆ ಪೇಷಂಟ್ ಯಾಕೆ ನಡೆದ್ರು? ಡಾಕ್ಟರ್ ಬೇಡ ಅಂದಿದ್ರಲ್ಲ. ಅದು ರಿಪೋರ್ಟ್‌ನಲ್ಲಿ ಇಲ್ಲ."

ಅದು ಮೆಟಲರ್ಜಿಗೆ ಸೇರಿದ್ದಲ್ಲ ಅನ್ನಬಹುದಿತ್ತು. ತಪ್ಪೂ ಆಗುತ್ತಿರಲಿಲ್ಲ.

"ಅವರ ಮಗಳಿಗೆ ಕೆಲಸ ಸಿಕ್ಕಿತ್ತು ಸರ್," ಅಂದೆ. "ಅವಳು ಬಿಟ್ಟು ಬರಬಾರದು ಅಂತ."

ಪ್ಲಾಂಟ್ ಹೆಡ್ ಫೈಲು ಮುಚ್ಚಿದರು. ಹೊರಗೆ ಕೂರಿಸಿದರು. ಆಮೇಲೆ ಮೇಷ್ಟ್ರು ಬಂದು, "ನಾಳೆಯಿಂದ ನಿನ್ನ ಸಹಿಯಲ್ಲೇ ರಿಪೋರ್ಟ್ ಹೋಗಲಿ" ಅಂದು, ನಿಲ್ಲದೆ ಕಾರಿಡಾರಿನಲ್ಲಿ ನಡೆದುಬಿಟ್ಟರು. ಇಲ್ಲಿ ಬಂದು ಕೂತು ಅತ್ತೆ. ಕ್ಯಾಂಟೀನಿನವರು ಕೇಳದೆಯೇ ಟೀ ತಂದಿಟ್ಟರು.

ಮನೆಯ ಫೋನಿಗೆ ಮಾಡಿದೆ. ಆ ಫೋನು ಇರುವುದು ಹಾಲ್‌ನಲ್ಲಿ, ಅಪ್ಪನೋ ಅಣ್ಣನೋ ಎತ್ತುತ್ತಾರೆ. ಒಂದೇ ರಿಂಗಿಗೆ ಎತ್ತಿದ್ದು ಅಮ್ಮ.

"ಏನಾಯ್ತೇ?"

"ಆಯ್ತಮ್ಮ. ಖಾಯಂ ಆಯ್ತು."

ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ದೂರದಲ್ಲಿ ಯಾರಿಗೋ, "ರೀ, ಕುರ್ಚಿ ಈ ಕಡೆ ತನ್ನಿ" ಅಂದಳು. ಮತ್ತೆ ನನಗೆ, "ತಡಿ, ಕೂತ್ಕೊಂಡು ಮಾತಾಡ್ತೀನಿ. ಆಗಿಂದ ಇಲ್ಲೇ ನಿಂತು..."

ನಿಂತು ಅಂದಳು. ಅಮ್ಮ, ಹಾಲ್‌ನಲ್ಲಿ, ಮಂಚದಿಂದ ಅಲ್ಲಿಯ ತನಕ ತಾನೇ ನಡೆದು ಬಂದು ನಿಂತಿದ್ದಳು.